ಜಿಲ್ಲೆಯಲ್ಲಿ 20 ಲಕ್ಷ ಜನರೂ ಇಲ್ಲ, ನಂಬರುಗಳು 79 ಲಕ್ಷ. ಆದರೂ ಏರಿಯಾ ಕೋಡ್ ಮುಗಿದದ್ದು ಹೇಗೆ?

ಸ್ಯಾನ್ ಹೊಸೆ ನಿವಾಸಿ

ಎಲ್ಲರಿಗೂ ನಮಸ್ಕಾರ. ನಾನು ಹಾಸನ ಜಿಲ್ಲೆಯವಳು, ಎಂಟು ವರ್ಷಗಳಿಂದ ಕ್ಯಾಲಿಫೋರ್ನಿಯಾದ ಸ್ಯಾನ್ ಹೊಸೆಯಲ್ಲಿದ್ದೇನೆ. ನಮ್ಮ ಯಜಮಾನರ ಫೋನ್ ಸಂಖ್ಯೆ 408ರಿಂದ ಶುರುವಾಗುತ್ತದೆ, ನನ್ನದು 669ರಿಂದ. ಇಬ್ಬರೂ ಇರುವುದು ಒಂದೇ ಮನೆಯಲ್ಲಿ. ವಿಚಾರಿಸಿದಾಗ, 408ರಲ್ಲಿ ಕೊಡಲು ಸಂಖ್ಯೆಗಳು ಉಳಿಯದೆ ಹೋದದ್ದರಿಂದ 2012ರಲ್ಲಿ ಅದೇ ಪ್ರದೇಶದ ಮೇಲೆ 669 ಎಂಬ ಎರಡನೆಯ ಕೋಡನ್ನು ಹೊದಿಸಿದರೆಂದು ತಿಳಿಯಿತು.

ನನ್ನ ತಲೆಗೆ ಹತ್ತದಿರುವುದು ಇಷ್ಟು. ಸಂಖ್ಯೆಯ ಮೊದಲ ಮೂರು ಅಂಕಿಗಳಾದ ಏರಿಯಾ ಕೋಡಿನ ನಂತರ ಏಳು ಅಂಕಿಗಳಿವೆ. ಸೊನ್ನೆ, ಒಂದು ಮುಂತಾದವನ್ನು ಕಳೆದರೂ ಒಂದು ಕೋಡಿನಲ್ಲಿ 79 ಲಕ್ಷ ಸಂಖ್ಯೆಗಳು ಸಿಗುತ್ತವೆ ಎನ್ನುತ್ತಾರೆ. ಸ್ಯಾನ್ ಹೊಸೆ ಇರುವ ಸಾಂಟಾ ಕ್ಲಾರಾ ಜಿಲ್ಲೆಯ ಜನಸಂಖ್ಯೆಯೇ 20 ಲಕ್ಷ ಮುಟ್ಟುವುದಿಲ್ಲ. ಮನೆಗೊಂದು, ಕೈಗೊಂದು, ಕಚೇರಿಗೊಂದು ಎಂದು ಲೆಕ್ಕ ಹಾಕಿದರೂ ಇಷ್ಟೊಂದು ಸಂಖ್ಯೆಗಳು ಎಲ್ಲಿ ಹೋದವು? ತಿಳಿದವರು ದಯವಿಟ್ಟು ಬಿಡಿಸಿ ಹೇಳಬೇಕು.

ಹಳೆಯ ಸೆಲೆಕ್ಟರ್, ಬೆಂಗಳೂರು

ತಾಯಿ, ನಿಮ್ಮ ಪ್ರಶ್ನೆಗೆ ಉತ್ತರ ಕಾಗದದ ಮೇಲಿನ ಲೆಕ್ಕದಲ್ಲಿ ಸಿಗುವುದಿಲ್ಲ. ಕರೆಗಳನ್ನು ಜೋಡಿಸುವ ಕೇಂದ್ರವಾದ ಎಕ್ಸ್‌ಚೇಂಜಿನ ಒಳಗೆ ಹೋಗಬೇಕು. ನಾನು 70ರ ದಶಕದ ಕೊನೆಯಲ್ಲಿ ಬೆಂಗಳೂರಿನ ಎಕ್ಸ್‌ಚೇಂಜೊಂದರಲ್ಲಿ ಟೆಕ್ನಿಷಿಯನ್ ಆಗಿ ಸೇರಿದವನು. ಆಗ ನಮ್ಮಲ್ಲಿದ್ದದ್ದು ಕರೆಗಳನ್ನು ತಾನಾಗಿಯೇ ಜೋಡಿಸುವ ಸ್ಟ್ರೌಜರ್ ಎಂಬ ಯಂತ್ರ. ದೂರವಾಣಿನಗರದ ಐಟಿಐ (ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್) ಕಾರ್ಖಾನೆ 1948ರಲ್ಲಿ ಆರಂಭವಾದ ಮೇಲೆ ಇಂಥ ಯಂತ್ರಗಳು ನಮ್ಮ ಊರಿನಲ್ಲಿಯೇ ತಯಾರಾಗತೊಡಗಿದವು.

ಅದರ ಸೆಲೆಕ್ಟರ್ ಎಂಬ ಭಾಗವನ್ನು ಕಣ್ಣಿಗೆ ತಂದುಕೊಳ್ಳಿ. ಅರ್ಧಚಂದ್ರಾಕಾರದಲ್ಲಿ ಹತ್ತು ಸಾಲು ಹಿತ್ತಾಳೆಯ ಸಂಪರ್ಕಗಳು, ಒಂದೊಂದು ಸಾಲಿನಲ್ಲಿ ಹತ್ತು. ಸಾಲಿಗೆ ನಾವು ಲೆವೆಲ್ ಎನ್ನುತ್ತಿದ್ದೆವು. ಚಂದಾದಾರರು ಡಯಲ್ಲಿನಲ್ಲಿ 3 ತಿರುಗಿಸಿ ಬಿಟ್ಟರೆ ತಂತಿಯಲ್ಲಿ ಮೂರು ಸಲ ವಿದ್ಯುತ್ ಕಡಿದು ಕೂಡುತ್ತದೆ, ಸೆಲೆಕ್ಟರಿನ ದಂಡ ಟಕ್ ಟಕ್ ಟಕ್ ಎಂದು ಮೂರು ಮೆಟ್ಟಿಲು ಏರಿ ಮೂರನೆಯ ಲೆವೆಲ್ಲಿಗೆ ನಿಲ್ಲುತ್ತದೆ, ನಂತರ ತಾನಾಗಿಯೇ ಅಡ್ಡಲಾಗಿ ಸರಿಯುತ್ತ ಖಾಲಿಯಿರುವ ಒಂದು ದಾರಿಯನ್ನು ಹುಡುಕಿ ಹಿಡಿಯುತ್ತದೆ. ಆ ದಾರಿಯ ತುದಿಯಲ್ಲಿ ಮುಂದಿನ ಅಂಕಿಗಾಗಿ ಇನ್ನೊಂದು ಸೆಲೆಕ್ಟರ್ ಕಾದಿರುತ್ತದೆ. ಕೊನೆಯ ಎರಡು ಅಂಕಿಗಳಿಗೆ ಫೈನಲ್ ಸೆಲೆಕ್ಟರ್. ಅದು ಹತ್ತರ ಸ್ಥಾನಕ್ಕೆ ಏರುತ್ತದೆ, ಬಿಡಿ ಸ್ಥಾನಕ್ಕೆ ತಿರುಗುತ್ತದೆ. ರಾತ್ರಿ ಪಾಳಿಯಲ್ಲಿ ಒಂದೇ ಒಂದು ಕರೆ ಬಂದರೂ ಅದು ಹಾಲಿನ ಯಾವ ಸಾಲಿನಲ್ಲಿ ಸಾಗುತ್ತಿದೆ ಎಂದು ಕುಳಿತಲ್ಲಿಂದಲೇ ಕಿವಿಗೆ ತಿಳಿಯುತ್ತಿತ್ತು.

ಹೀಗಾಗಿ ಸಂಖ್ಯೆಯ ಮೊದಲ ಅಂಕಿಗಳು ಎಂದರೆ ಎಕ್ಸ್‌ಚೇಂಜಿಗೆ ಹೋಗುವ ದಾರಿ, ಕೊನೆಯ ನಾಲ್ಕು ಅಂಕಿಗಳು ಎಂದರೆ ಆ ಎಕ್ಸ್‌ಚೇಂಜಿನ ಒಳಗಿನ ಜಾಗ. ಒಂದು ಮೊದಲಂಕಿಯ ಗುಂಪಿಗೆ 10,000 ಜಾಗ. ಆ ಬಡಾವಣೆಯಲ್ಲಿ ಫೋನ್ ಬೇಕೆಂದವರು 3,000 ಜನ ಮಾತ್ರ ಇದ್ದರೆ ಉಳಿದ 7,000 ಸಂಖ್ಯೆಗಳನ್ನು ಪಕ್ಕದ ಬಡಾವಣೆಗೆ ಎತ್ತಿ ಕೊಡುವಂತಿರಲಿಲ್ಲ, ಏಕೆಂದರೆ ಆ ಸಂಖ್ಯೆಗಳನ್ನು ತಿರುಗಿಸಿದರೆ ತಂತಿ ಬಂದು ಮುಟ್ಟುವುದು ಈ ಕಟ್ಟಡವನ್ನೇ.

1ರಿಂದ ಯಾರ ಮನೆಯ ಸಂಖ್ಯೆಯೂ ಏಕೆ ಶುರುವಾಗುವುದಿಲ್ಲ ಎಂಬುದಕ್ಕೂ ಇಲ್ಲಿಯೇ ಕಾರಣವಿದೆ. ಗಾಳಿಗೆ ಎರಡು ತಂತಿಗಳು ತಾಗಿದರೂ, ಮಗು ರಿಸೀವರಿನ ಗುಂಡಿಯನ್ನು ಒಮ್ಮೆ ಒತ್ತಿ ಬಿಟ್ಟರೂ ಯಂತ್ರಕ್ಕೆ ಅದು 1 ತಿರುಗಿಸಿದಂತೆಯೇ ಕೇಳುತ್ತದೆ. ಆದ್ದರಿಂದ 1ನ್ನು 197, 198ರಂಥ ಇಲಾಖೆಯ ಸೇವೆಗಳಿಗೆ ಇಟ್ಟುಕೊಂಡರು. 0 ಹೊರ ಊರಿನ ಕರೆಗೆ ಹೋಯಿತು. ಹತ್ತರಲ್ಲಿ ಎರಡು ಲೆವೆಲ್ ಮೊದಲ ದಿನವೇ ಕಳೆದುಹೋದವು.

ನ್ಯೂಜೆರ್ಸಿ ಎಂಜಿನಿಯರ್

ಹಿರಿಯರು ಬುನಾದಿ ಹಾಕಿಕೊಟ್ಟಿದ್ದಾರೆ. ಅಮೆರಿಕದ ಕಥೆಯನ್ನು ಅದರ ಮೇಲೆ ಕಟ್ಟುತ್ತೇನೆ. ಸ್ವಲ್ಪ ಉದ್ದವಾಗುತ್ತದೆ, ಮನ್ನಿಸಬೇಕು.

1947ರಲ್ಲಿ ಎಟಿ ಆ್ಯಂಡ್ ಟಿ ಎಂಬ ದೂರವಾಣಿ ಸಂಸ್ಥೆ ಉತ್ತರ ಅಮೆರಿಕವನ್ನು 86 ಏರಿಯಾ ಕೋಡ್‌ಗಳಾಗಿ ವಿಂಗಡಿಸಿತು. ಕೋಡಿನ ನಡುವಿನ ಅಂಕಿ 0 ಅಥವಾ 1 ಮಾತ್ರ ಆಗಿರಬೇಕು, ಸ್ಥಳೀಯ ಎಕ್ಸ್‌ಚೇಂಜಿನ ಮೂರಂಕಿಯ ಗುರುತಿನಲ್ಲಿ ನಡುವಿನ ಅಂಕಿ 0 ಅಥವಾ 1 ಆಗಿರಲೇಕೂಡದು ಎಂಬುದು ನಿಯಮ. ಎರಡನೆಯ ಅಂಕಿ ಬಂದ ಕ್ಷಣವೇ ಇದು ಊರಿನ ಕರೆಯೋ ದೂರದ ಕರೆಯೋ ಎಂದು ಯಂತ್ರಕ್ಕೆ ಗೊತ್ತಾಗಲಿ ಎಂಬ ಉದ್ದೇಶ. ಹೆಚ್ಚು ಕರೆ ಬರುವ ನಗರಗಳಿಗೆ ಬೇಗ ತಿರುಗಿಸಬಹುದಾದ ಕೋಡ್ ಕೊಟ್ಟರು. ನ್ಯೂಯಾರ್ಕಿನ 212ಕ್ಕೆ ಒಟ್ಟು ಐದು ಮಿಡಿತ, ಅಂದರೆ ಐದು ಸಲ ವಿದ್ಯುತ್ ಕಡಿದು ಕೂಡುವುದು, ಸಾಕು. ಡಯಲ್ ಸೆಕೆಂಡಿಗೆ ಹತ್ತು ಮಿಡಿತ ಕಳಿಸುತ್ತಿದ್ದ ಕಾಲದಲ್ಲಿ ಇದು ದೊಡ್ಡ ಉಳಿತಾಯವೇ ಆಗಿತ್ತು. 1951ರ ನವೆಂಬರ್ 10ರಂದು ನಮ್ಮ ನ್ಯೂಜೆರ್ಸಿಯ ಎಂಗಲ್‌ವುಡ್‌ನಿಂದ ಕ್ಯಾಲಿಫೋರ್ನಿಯಾದ ಅಲಮೀಡಾಕ್ಕೆ ಆಪರೇಟರಿನ ನೆರವಿಲ್ಲದೆ ಮೊದಲ ದೂರದ ಕರೆ ಹೋಯಿತು.

ಈಗ ಲೆಕ್ಕ ನೋಡಿ. ಎಕ್ಸ್‌ಚೇಂಜ್ ಗುರುತಿನ ಮೊದಲ ಎರಡು ಅಂಕಿಗಳು 2ರಿಂದ 9, ಮೂರನೆಯದು ಯಾವುದಾದರೂ ಆಗಬಹುದು. ಎಂಟು ಎಂಟ್ಲೆ ಅರವತ್ತನಾಲ್ಕು, ಅದರ ಹತ್ತರಷ್ಟು 640 ಗುರುತುಗಳು. ಆದರೆ ಅಷ್ಟೂ ಬಳಕೆಗೆ ಬರಲಿಲ್ಲ. ಆಗ ಎಕ್ಸ್‌ಚೇಂಜಿಗೆ ಹೆಸರಿರುತ್ತಿತ್ತು, ಹೆಸರಿನ ಮೊದಲೆರಡು ಇಂಗ್ಲಿಷ್ ಅಕ್ಷರಗಳೇ ಮೊದಲೆರಡು ಅಂಕಿಗಳು. ಪೆನ್ಸಿಲ್ವೇನಿಯಾ ಎಂದರೆ 73. ಡಯಲ್ಲಿನಲ್ಲಿ 5, 7, 9ರ ಮೇಲಿದ್ದವು ಸ್ವರಗಳೆಂದು ಓದಲಾಗದ ಅಕ್ಷರಗಳು. ಹಾಗಾಗಿ 55, 57, 95, 97ಕ್ಕೆ ಬಾಯಿಗೆ ಬರುವ ಹೆಸರು ಕಟ್ಟುವುದೇ ಕಷ್ಟವಾಗಿ ಆ ಗುರುತುಗಳು ಬಹುಕಾಲ ಕೆಲಸಕ್ಕೆ ಬರಲಿಲ್ಲ. 50ರ ದಶಕದ ಕೊನೆಯಿಂದ ಹೆಸರುಗಳನ್ನು ತೆಗೆದು ಬರೀ ಅಂಕಿ ತರತೊಡಗಿದಾಗ ಜನ ಮುನಿಸಿಕೊಂಡರು. ನಿಮ್ಮ ಪಕ್ಕದ ಸ್ಯಾನ್ ಫ್ರಾನ್ಸಿಸ್ಕೊದಲ್ಲಿಯೇ 1962ರಲ್ಲಿ ಇದನ್ನು ವಿರೋಧಿಸಲು ಒಂದು ಸಂಘ ಹುಟ್ಟಿಕೊಂಡಿತ್ತು. ಊರಿನ ಹೆಸರು ಅಳಿಸಿಹೋದಂತೆ ಅವರಿಗೆ ಅನ್ನಿಸಿರಬೇಕು. ಆ ನೋವು ನನಗೆ ಅರ್ಥವಾಗುತ್ತದೆ.

ದೊಡ್ಡ ನಗರಗಳಲ್ಲಿ 640 ಸಾಲದಾಯಿತು. ಲಾಸ್ ಏಂಜಲೀಸ್‌ನಲ್ಲಿ 1973ರಲ್ಲಿ, ನ್ಯೂಯಾರ್ಕ್‌ನಲ್ಲಿ 1980ರಲ್ಲಿ, ಏರಿಯಾ ಕೋಡಿನ ಹಾಗೆಯೇ ಕಾಣುವ, ನಡುವೆ 0 ಅಥವಾ 1 ಇರುವ ಗುರುತುಗಳನ್ನೂ ಸ್ಥಳೀಯ ಎಕ್ಸ್‌ಚೇಂಜಿಗೆ ಕೊಟ್ಟರು. ಯಂತ್ರಕ್ಕೆ ಗೊಂದಲವಾಗದಂತೆ ದೂರದ ಕರೆಗೆ ಮುಂದೆ 1 ಒತ್ತಬೇಕೆಂಬ ಕಟ್ಟಳೆ ಬಂತು. 911, 411ರಂಥ ಎಂಟನ್ನು ಬಿಟ್ಟು ಒಟ್ಟು 792 ಗುರುತುಗಳಾದವು. ಒಂದೊಂದಕ್ಕೂ 10,000. ನೀವು ಹೇಳಿದ 79 ಲಕ್ಷ ಇದೇ.

ಅದು ಮುಗಿದದ್ದಕ್ಕೆ ಮುಖ್ಯ ಕಾರಣ 1996ರ ದೂರಸಂಪರ್ಕ ಕಾಯ್ದೆ. ಅದುವರೆಗೆ ಬಹುಪಾಲು ಊರುಗಳಲ್ಲಿ ಸ್ಥಳೀಯ ದೂರವಾಣಿ ಕಂಪನಿ ಒಂದೇ. ಕಾಯ್ದೆ ಬಂದ ಮೇಲೆ ಹತ್ತಾರು ಕಂಪನಿಗಳು ಬಂದವು. ಏರಿಯಾ ಕೋಡಿನ ಒಳಗೆ ರೇಟ್ ಸೆಂಟರ್ ಎಂಬ ಸಣ್ಣ ವಲಯಗಳಿರುತ್ತವೆ. ಯಾವ ಕರೆ ಸ್ಥಳೀಯ, ಯಾವುದಕ್ಕೆ ಹೆಚ್ಚು ಹಣ ಎಂದು ತೀರ್ಮಾನಿಸಲು ಮಾಡಿಕೊಂಡ ಗಡಿಗಳು ಅವು. ಹೊಸ ಕಂಪನಿ ತಾನು ಸೇವೆ ಕೊಡಬೇಕಾದ ಪ್ರತಿಯೊಂದು ರೇಟ್ ಸೆಂಟರಿನಲ್ಲಿಯೂ ಒಂದು ಪೂರ್ತಿ ಗುರುತನ್ನು, ಅಂದರೆ 10,000 ಸಂಖ್ಯೆಗಳನ್ನು ಪಡೆಯಬೇಕಾಗಿತ್ತು. 40 ರೇಟ್ ಸೆಂಟರುಗಳೂ 15 ಕಂಪನಿಗಳೂ ಇವೆ ಎಂದು ಇಟ್ಟುಕೊಳ್ಳಿ. ಒಬ್ಬ ಗ್ರಾಹಕನೂ ಬರುವ ಮೊದಲೇ 600 ಗುರುತುಗಳು, 60 ಲಕ್ಷ ಸಂಖ್ಯೆಗಳು ಹಂಚಿಹೋದವು. ಆ ಸಣ್ಣ ಊರಿನಲ್ಲಿ ಕಂಪನಿಗೆ ಸಿಕ್ಕಿದ್ದು 50 ಗ್ರಾಹಕರೇ ಆದರೂ ಉಳಿದ 9,950 ಸಂಖ್ಯೆಗಳನ್ನು ಬೇರೆ ಯಾರಿಗೂ ಕೊಡುವಂತಿರಲಿಲ್ಲ. ನಿಮ್ಮ ಕಳೆದುಹೋದ ಸಂಖ್ಯೆಗಳು ಇರುವುದು ಇಲ್ಲಿ. ಅವು ಯಾರ ಕೈಯಲ್ಲಿಯೂ ಇಲ್ಲ, ಖಾಲಿಯೂ ಇಲ್ಲ.

ಶಿವಮೊಗ್ಗೆಯ ಮೇಷ್ಟ್ರು

ಇಷ್ಟು ವಿವರವಾಗಿ ಬರೆದ ಇಬ್ಬರಿಗೂ ವಂದನೆಗಳು. ನಮ್ಮ ದೇಶದಲ್ಲಿ ಇದೇ ತೊಂದರೆಯನ್ನು ಬೇರೆ ರೀತಿಯಲ್ಲಿ ಬಿಡಿಸಿಕೊಂಡದ್ದನ್ನು ನೆನಪಿಸಬೇಕು ಅನ್ನಿಸಿತು. ಗಣಿತ ಕಲಿಸುವವನಾದ್ದರಿಂದ ನನಗೆ ನಮ್ಮ ಎಸ್‌ಟಿಡಿ ಕೋಡ್‌ಗಳ ರಚನೆ ಬಹಳ ಹಿಡಿಸುತ್ತದೆ.

ಮುಂದಿನ 0 ಬಿಟ್ಟು ನೋಡಿ. ಬೆಂಗಳೂರು 80, ಮೈಸೂರು 821, ಶಿವಮೊಗ್ಗ 8182. ದೊಡ್ಡ ಊರಿಗೆ ಚಿಕ್ಕ ಕೋಡ್, ಚಿಕ್ಕ ಊರಿಗೆ ಉದ್ದದ ಕೋಡ್. ಬೆಂಗಳೂರಿನ ಸ್ಥಳೀಯ ಸಂಖ್ಯೆ ಎಂಟು ಅಂಕಿ, ಮೈಸೂರಿನದು ಏಳು, ನಮ್ಮದು ಆರು. ಯಾವುದನ್ನು ಕೂಡಿದರೂ ಹತ್ತು. ಮೊದಲು ಈ ಮೊತ್ತ ಒಂಬತ್ತಾಗಿತ್ತು. ನಮ್ಮ ಮನೆಯ ಸಂಖ್ಯೆ ಐದು ಅಂಕಿಯದಾಗಿದ್ದು, ಮುಂದೆ 2 ಸೇರಿ ಆರಾಯಿತು. ಬೆಂಗಳೂರಿನ ಕೋಡ್ 90ರ ದಶಕದ ಆರಂಭದಲ್ಲಿ 0812 ಆಗಿತ್ತು ಎಂಬುದು ಈಗಿನ ಮಕ್ಕಳಿಗೆ ಗೊತ್ತೇ ಇಲ್ಲ. 812ರ ಮುಂದೆ ಆರು ಅಂಕಿ. ಊರು ಬೆಳೆದಾಗ ಕೋಡಿನಿಂದ ಒಂದು ಸ್ಥಾನವನ್ನು ಕಿತ್ತು ಸ್ಥಳೀಯ ಸಂಖ್ಯೆಗೆ ಕೊಟ್ಟು 80ರ ಮುಂದೆ ಏಳು ಮಾಡಿದರು. ಹೊಸ ಶತಮಾನ ಬಂದ ಮೇಲೆ ಅದೂ ಸಾಲದೆ, ದೇಶದಲ್ಲೆಲ್ಲ ಬಿಎಸ್‌ಎನ್‌ಎಲ್ ಸಂಖ್ಯೆಗಳ ಮುಂದೆ 2 ಸೇರಿಸಿ, ಬೆಂಗಳೂರಿನದನ್ನು ಎಂಟು ಮಾಡಿದರು.

ಆದ್ದರಿಂದ ನನ್ನ ಪ್ರಶ್ನೆ: ಅಮೆರಿಕದವರು ನಮ್ಮ ಹಾಗೆ ಒಂದು ಅಂಕಿ ಸೇರಿಸಿಬಿಟ್ಟರೆ ತೊಂದರೆ ಹರಿಯುವುದಿಲ್ಲವೇ?

ನ್ಯೂಜೆರ್ಸಿ ಎಂಜಿನಿಯರ್

ಮೇಷ್ಟ್ರೇ, ನಮ್ಮ ವ್ಯವಸ್ಥೆಯಲ್ಲಿ ಕೋಡ್ ಎಲ್ಲೆಡೆ ಮೂರು, ಸ್ಥಳೀಯ ಸಂಖ್ಯೆ ಎಲ್ಲೆಡೆ ಏಳು. ಅಮೆರಿಕ, ಕೆನಡಾ ಮತ್ತು ಕೆರಿಬಿಯನ್ನಿನ ಹಲವು ದೇಶಗಳ ಪ್ರತಿಯೊಂದು ಎಕ್ಸ್‌ಚೇಂಜ್, ಪ್ರತಿಯೊಂದು ಬಿಲ್ಲಿಂಗ್ ತಂತ್ರಾಂಶ, ಪ್ರತಿಯೊಂದು ಅರ್ಜಿ ನಮೂನೆ ಹತ್ತು ಅಂಕಿಗಳನ್ನೇ ನಂಬಿಕೊಂಡಿದೆ. ಒಂದು ನಗರಕ್ಕೆ ಮಾತ್ರ ಒಂದು ಅಂಕಿ ಹೆಚ್ಚಿಸಲು ಬರುವುದಿಲ್ಲ. ಮಾಡಿದರೆ ಇಷ್ಟೂ ದೇಶಗಳಲ್ಲಿ ಒಂದೇ ದಿನ ಮಾಡಬೇಕು. ನಿಮ್ಮಲ್ಲಿ ಉದ್ದ ಹೊಂದಿಸಿಕೊಳ್ಳುವ ಅವಕಾಶವಿತ್ತು, ನಮ್ಮಲ್ಲಿ ಇರಲಿಲ್ಲ. ಹಾಗಾಗಿ ಕೋಡ್‌ಗಳನ್ನೇ ಹೆಚ್ಚಿಸುತ್ತ ಹೋದರು. 1984ರಲ್ಲಿ ಲಾಸ್ ಏಂಜಲೀಸ್‌ನ 213ರಿಂದ 818, ನ್ಯೂಯಾರ್ಕ್‌ನ 212ರಿಂದ 718 ಒಡೆದು ಬಂದವು. ನಡುವೆ 0 ಅಥವಾ 1 ಇರುವ ಕೋಡ್‌ಗಳೇ ಮುಗಿದುಹೋಗಿ, 1995ರ ಜನವರಿಯಲ್ಲಿ ಅಲಬಾಮಾದ 334 ಮತ್ತು ವಾಷಿಂಗ್ಟನ್ ರಾಜ್ಯದ 360 ಹೊಸ ಮಾದರಿಯ ಮೊದಲ ಕೋಡ್‌ಗಳಾಗಿ ಬಂದವು. ಆಗ ಅನೇಕ ಕಚೇರಿಗಳ ಒಳಗಿನ ಹಳೆಯ ಸ್ವಿಚ್‌ಬೋರ್ಡ್‌ಗಳು ಈ ಕೋಡ್‌ಗಳನ್ನು ಕೋಡ್ ಎಂದೇ ಗುರುತಿಸದೆ ಕರೆಗಳನ್ನು ತಡೆದವು.

ಚಿಕ್ಕಪೇಟೆ

ಅಂಕಿ ಸೇರಿಸುವುದು ಸುಲಭ ಎಂದು ಮೇಷ್ಟ್ರು ಭಾವಿಸಬಾರದು. ನಮ್ಮ ತಂದೆಯವರಿಗೆ ಚಿಕ್ಕಪೇಟೆಯಲ್ಲಿ ಬಟ್ಟೆ ಅಂಗಡಿ ಇತ್ತು. ಆರಂಕಿಯ ಸಂಖ್ಯೆಯನ್ನು ಬೋರ್ಡಿನ ಬಲ ಮೂಲೆಯಲ್ಲಿ ಹಳದಿ ಬಣ್ಣದಲ್ಲಿ ಬರೆಸಿದ್ದರು. ಏಳಾದಾಗ ಪೇಂಟರನ್ನು ಕರೆಸಿ ಮುಂದೆ ಒಂದು ಅಂಕಿ ಹಾಕಿಸಿದರು. ಎಂಟಾದಾಗ ಬೋರ್ಡಿನ ಅಂಚಿನ ಪಟ್ಟಿಗೂ ಅಂಕಿಗೂ ನಡುವೆ ಜಾಗವೇ ಉಳಿದಿರಲಿಲ್ಲ. ಉಳಿದವಕ್ಕಿಂತ ಅರ್ಧದಷ್ಟು ಎತ್ತರದ ಒಂದು 2 ಆ ಸಂದಿಯಲ್ಲಿ ಓರೆಯಾಗಿ ಕುಳಿತಿತು. ಬಿಲ್ ಪುಸ್ತಕಗಳು ವರ್ಷಕ್ಕಾಗುವಷ್ಟು ಅಚ್ಚಾಗಿ ಬಂದಿದ್ದವು. ನಾನೂ ನನ್ನ ಅಕ್ಕನೂ ರಾತ್ರಿ ಊಟವಾದ ಮೇಲೆ ಕುಳಿತು ಒಂದೊಂದು ಹಾಳೆಯ ಮೇಲೂ 2 ಎಂಬ ರಬ್ಬರ್ ಸ್ಟಾಂಪ್ ಒತ್ತಿದ್ದು ಇನ್ನೂ ನೆನಪಿದೆ. ಸೂರತ್ತಿನ ವ್ಯಾಪಾರಿಗಳಿಗೆಲ್ಲ ಇನ್‌ಲ್ಯಾಂಡ್ ಪತ್ರ ಬರೆದು ತಿಳಿಸಬೇಕಾಯಿತು. ಎಲ್ಲರಿಗೂ ಒಂದೇ ನಿಯಮ ಇದ್ದದ್ದರಿಂದ ಹೆಚ್ಚು ವ್ಯಾಪಾರ ಕೆಡಲಿಲ್ಲ ಎಂಬುದನ್ನೂ ಹೇಳಬೇಕು. "ಮುಂದೆ 2 ಸೇರಿಸಿ" ಎಂದರೆ ಯಾರಿಗಾದರೂ ಅರ್ಥವಾಗುತ್ತಿತ್ತು.

ಫ್ರೀಮಾಂಟ್

ಇಲ್ಲಿ ಹೊದಿಸುವ ಕ್ರಮ ಬಂದಾಗ ಯಾರ ಸಂಖ್ಯೆಯೂ ಬದಲಾಗುವುದಿಲ್ಲ, ಹಾಗಾಗಿ ತೊಂದರೆಯಿಲ್ಲ ಎಂದೇ ಎಲ್ಲರೂ ಹೇಳಿದ್ದರು. 2019ರಲ್ಲಿ ನಮ್ಮ 510ರ ಮೇಲೆ 341 ಬಂತು. ಅಂದಿನಿಂದ ಪಕ್ಕದ ಮನೆಗೂ ಕೋಡ್ ಸಹಿತ ಪೂರ್ತಿ ಒತ್ತಬೇಕು. ಬರೀ ಏಳು ಅಂಕಿ ಒತ್ತಿದರೆ ಎರಡು ಕೋಡ್‌ಗಳಲ್ಲಿ ಯಾವುದೆಂದು ಎಕ್ಸ್‌ಚೇಂಜಿಗೆ ತಿಳಿಯದು.

ಜನ ಬೇಗ ಒಗ್ಗಿಕೊಂಡರು, ಯಂತ್ರಗಳು ಒಗ್ಗಿಕೊಳ್ಳಲಿಲ್ಲ. ನಮ್ಮ ವಸತಿ ಸಮುಚ್ಚಯದ ಗೇಟಿನಲ್ಲಿ ಒಂದು ಹಳೆಯ ಪೆಟ್ಟಿಗೆಯಿತ್ತು. ಬಂದವರು ಮನೆಯ ಗುರುತನ್ನು ಒತ್ತಿದರೆ ಅದು ಒಳಗಿರುವವರ ಫೋನಿಗೆ ತಾನೇ ಏಳು ಅಂಕಿ ಒತ್ತುತ್ತಿತ್ತು. ಬದಲಾವಣೆಯಾದ ವಾರ, ಊರಿನಿಂದ ಬಂದಿದ್ದ ನಮ್ಮ ಅತ್ತೆ ಮಾವ ಸಂಜೆಯ ವಾಕಿಂಗ್ ಮುಗಿಸಿ ಬಂದು ಗೇಟಿನ ಹೊರಗೆ ಮುಕ್ಕಾಲು ಗಂಟೆ ನಿಂತಿದ್ದರು. ಪೆಟ್ಟಿಗೆಯನ್ನು ನೋಡಿಕೊಳ್ಳುವ ಕಂಪನಿಗೆ ತಿಂಗಳುಗಳ ಮೊದಲೇ ಸೂಚನೆ ಹೋಗಿತ್ತು, ಆದರೆ ಯಾರೂ ಬಂದು ಅಂಕಿಗಳನ್ನು ಸರಿಪಡಿಸಿರಲಿಲ್ಲ. ಲಿಫ್ಟಿನೊಳಗಿನ ತುರ್ತು ಫೋನೂ ಹಾಗೆಯೇ ಇದ್ದಿದ್ದರೆ ಏನಾಗುತ್ತಿತ್ತು ಎಂದು ಯೋಚಿಸಿದರೆ ಈಗಲೂ ಆತಂಕವಾಗುತ್ತದೆ.

ನ್ಯೂಜೆರ್ಸಿ ಎಂಜಿನಿಯರ್

ಫ್ರೀಮಾಂಟಿನವರು ಹೇಳಿದ ಆತಂಕ ನಿಜವಾದದ್ದು. 2021ರ ಅಕ್ಟೋಬರ್ 24ರಂದು ಇನ್ನೂ 82 ಏರಿಯಾ ಕೋಡ್‌ಗಳಲ್ಲಿ ಏಳಂಕಿಯ ಡಯಲಿಂಗ್ ನಿಂತಿತು. ಅಲ್ಲಿ ಸಂಖ್ಯೆಗಳು ಮುಗಿದಿರಲಿಲ್ಲ. ಆತ್ಮಹತ್ಯೆ ತಡೆಯುವ ಸಹಾಯವಾಣಿಗೆ 988 ಎಂಬ ಕಿರುಸಂಖ್ಯೆಯನ್ನು ದೇಶಕ್ಕೆಲ್ಲ ಒಂದೇ ಎಂದು ಗೊತ್ತುಮಾಡಿದಾಗ, ಆ 82 ಕಡೆ 988 ಎಂಬುದು ಯಾವುದೋ ಎಕ್ಸ್‌ಚೇಂಜಿನ ಗುರುತಾಗಿ ಮೊದಲೇ ಬಳಕೆಯಲ್ಲಿತ್ತು. ಮೂರು ಅಂಕಿ ಒತ್ತಿದವರು ನಿಲ್ಲುತ್ತಾರೋ ಇನ್ನೂ ನಾಲ್ಕು ಒತ್ತುತ್ತಾರೋ ಎಂದು ಯಂತ್ರ ಕಾಯುತ್ತ ಕೂರಬಾರದಲ್ಲ. ಪ್ರಾಣದ ಅಂಚಿನಲ್ಲಿ ನಿಂತವರ ಕರೆ ಅದು. ಈ ಒಂದು ಬದಲಾವಣೆಯ ಬಗ್ಗೆ ನನಗೆ ಯಾವ ತಕರಾರೂ ಇಲ್ಲ.

ಕೋಡ್‌ಗಳು ಮುಗಿಯುವ ವೇಗ ತಗ್ಗಿದ್ದು ಮಾತ್ರ ಬೇರೊಂದು ಉಪಾಯದಿಂದ. 1998ರಲ್ಲಿ ಶಿಕಾಗೊ ಹೊರವಲಯದ 847ರಲ್ಲಿ, 10,000ದ ಬದಲು 1,000 ಸಂಖ್ಯೆಗಳ ಕಟ್ಟುಗಳನ್ನು ಕಂಪನಿಗಳಿಗೆ ಹಂಚಿ ನೋಡಿದರು. ಬಹುಪಾಲು ಖಾಲಿಯಿದ್ದ ಕಟ್ಟುಗಳನ್ನು ಕಂಪನಿಗಳು ಸಾಮಾನ್ಯ ನಿಧಿಗೆ ಹಿಂದಿರುಗಿಸಬೇಕು, ಬೇಕಾದವರು ಅಲ್ಲಿಂದ ಪಡೆಯಬೇಕು. ಗ್ರಾಹಕರು ಸಂಖ್ಯೆಯನ್ನು ಉಳಿಸಿಕೊಂಡು ಕಂಪನಿ ಬದಲಿಸಲು ಅವಕಾಶ ಕೊಟ್ಟಾಗ, ಪ್ರತಿ ಕರೆಗೂ ಮೊದಲು ಒಂದು ದತ್ತಾಂಶ ಪಟ್ಟಿಯನ್ನು ನೋಡುವ ವ್ಯವಸ್ಥೆ ಬಂದಿತ್ತು. ಅದೇ ಇದನ್ನು ಸಾಧ್ಯವಾಗಿಸಿತು. ಹಿರಿಯರು ಹೇಳಿದ, ಮೊದಲ ಅಂಕಿಗಳೇ ದಾರಿ ಎಂಬ ನಂಟು ಅಲ್ಲಿಗೆ ಕಡಿದುಹೋಯಿತು. 2000ದಲ್ಲಿ ಫೆಡರಲ್ ಸಂಪರ್ಕ ಆಯೋಗ ಇದನ್ನು ದೇಶಕ್ಕೆಲ್ಲ ವಿಸ್ತರಿಸಲು ಆದೇಶಿಸಿತು. 1996ರಲ್ಲಿಯೇ ಇದನ್ನು ಮಾಡಿದ್ದರೆ ಎಷ್ಟೋ ಊರುಗಳ ಕೋಡ್ ಒಡೆಯುತ್ತಿರಲಿಲ್ಲ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಹಳೆಯ ಸೆಲೆಕ್ಟರ್, ಬೆಂಗಳೂರು

ದಾರಿಯ ನಂಟು ಕಡಿಯಿತು ಎಂದಿರಿ. ನಮ್ಮಲ್ಲಿ ಅದು ಪೂರ್ತಿ ಕಡಿದಿಲ್ಲ ಎಂಬುದನ್ನು ಸೇರಿಸುತ್ತೇನೆ.

2003ರ ರಾಷ್ಟ್ರೀಯ ಸಂಖ್ಯಾ ಯೋಜನೆ 2030ರವರೆಗೆ 75 ಕೋಟಿ ಫೋನುಗಳಿಗೆ ಸಾಕಾಗಲೆಂದು ಮಾಡಿದ್ದು. ಮೊಬೈಲ್ ಬಂದ ರಭಸಕ್ಕೆ ಆ ಲೆಕ್ಕ ಎಷ್ಟೋ ಮೊದಲೇ ದಾಟಿಹೋಯಿತು. ಆಗ ಸ್ಥಿರ ದೂರವಾಣಿಯ ಮೊದಲ ಅಂಕಿಗಳನ್ನು ಕಂಪನಿವಾರು ಹಂಚಿದ್ದರು. ಬೆಂಗಳೂರಿನಲ್ಲಿ 2ರಿಂದ ಶುರುವಾದರೆ ಬಿಎಸ್‌ಎನ್‌ಎಲ್, 4 ಎಂದರೆ ಏರ್‌ಟೆಲ್, 6 ಎಂದರೆ ಟಾಟಾ. ಎಂಟಂಕಿಯಲ್ಲಿ ಒಂದು ಲೆವೆಲ್ ಎಂದರೆ ಒಂದು ಕೋಟಿ ಸಂಖ್ಯೆಗಳು. ಅಷ್ಟೂ ಆ ಊರಿನಲ್ಲಿ ಆ ಕಂಪನಿಯ ಹೆಸರಿಗೆ ಬಿದ್ದಿರುತ್ತವೆ.

ಮೊಬೈಲಿಗೂ ಇದಕ್ಕೂ ಏನು ಸಂಬಂಧ ಎಂದು ಕೇಳಬಹುದು. ಮನೆಯ ಲ್ಯಾಂಡ್‌ಲೈನಿನಿಂದ ನಮ್ಮ ರಾಜ್ಯದ ಮೊಬೈಲಿಗೆ 0 ಇಲ್ಲದೆ ನೇರವಾಗಿ ಹತ್ತು ಅಂಕಿ ಒತ್ತುತ್ತಿದ್ದೆವಲ್ಲ? ಮೊದಲ ಅಂಕಿ 9 ಬಂದರೆ ಎಕ್ಸ್‌ಚೇಂಜ್ ಹತ್ತು ಅಂಕಿಗೆ ಕಾಯಬೇಕು, 2 ಬಂದರೆ ಎಂಟಕ್ಕೆ ನಿಲ್ಲಿಸಬೇಕು. ಒಂದೇ ಗುರುತು ಎರಡೂ ಕಡೆ ಇರುವಂತಿಲ್ಲ. ಆದ್ದರಿಂದ ಲ್ಯಾಂಡ್‌ಲೈನಿಗೆ ಇಟ್ಟ ಲೆವೆಲ್‌ಗಳು ಮೊಬೈಲಿಗೆ ಮುಚ್ಚಿದ ಬಾಗಿಲು. ಮೊದಮೊದಲು ಕರ್ನಾಟಕದಲ್ಲಿ 9845, 9844, 9448, 9886 ಎಂದು 9ರಿಂದಲೇ ಶುರುವಾದವು ಕ್ರಮೇಣ 8, 7, ಕೊನೆಗೆ 6ಕ್ಕೂ ಇಳಿದವು. 6ರಲ್ಲಿ ಟಾಟಾ ಲ್ಯಾಂಡ್‌ಲೈನ್‌ಗಳು ಇದ್ದದ್ದರಿಂದ ಅದರೊಳಗೆ ಖಾಲಿ ಸಂದಿಗಳನ್ನು ಹುಡುಕಿ ಕೊಡಬೇಕಾಯಿತು.

2021ರ ಜನವರಿ 15ರಿಂದ ಲ್ಯಾಂಡ್‌ಲೈನಿನಿಂದ ಮೊಬೈಲಿಗೆ 0 ಒತ್ತಲೇಬೇಕೆಂದು ಮಾಡಿದ್ದು ಈ ಬಾಗಿಲನ್ನು ತೆರೆಯಲು. ಆ ಒಂದು ಸೊನ್ನೆಯಿಂದ ಸುಮಾರು 250 ಕೋಟಿ ಹೊಸ ಸಂಖ್ಯೆಗಳಿಗೆ ಅವಕಾಶವಾಯಿತು.

ಚಿಕ್ಕಪೇಟೆ

2020ರಲ್ಲಿ ಮೊಬೈಲ್ ಸಂಖ್ಯೆ ಹನ್ನೊಂದು ಅಂಕಿಯಾಗುತ್ತದೆ ಎಂದು ಪತ್ರಿಕೆಗಳಲ್ಲಿ ಬಂದಿತ್ತಲ್ಲವೇ? ಆಗ ನಾನು ಮತ್ತೆ ಬೋರ್ಡ್ ಬರೆಸಬೇಕೇನೋ ಎಂದು ಚಿಂತಿಸಿದ್ದೆ. ಬೆಂಗಳೂರಿನಿಂದ ಮೈಸೂರಿಗೆ 0 ಬದಲು 95 ಒತ್ತಿ 95821 ಎಂದು ಕೆಲವು ಕಾಲ ಮಾಡುತ್ತಿದ್ದೆವು, ಅದೂ ಹೀಗೆಯೇ ಬಂದು ಹೋಯಿತು.

ಹಳೆಯ ಸೆಲೆಕ್ಟರ್, ಬೆಂಗಳೂರು

ಅದು ತಪ್ಪು ವರದಿ. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್ 2020ರ ಮೇ 29ರಂದು ಶಿಫಾರಸು ಕೊಟ್ಟಿತು, ಎರಡೇ ದಿನದಲ್ಲಿ, ಮೊಬೈಲಿಗೆ ಹತ್ತೇ ಅಂಕಿ ಮುಂದುವರಿಯುತ್ತದೆ ಎಂದು ಸ್ಪಷ್ಟಪಡಿಸಿತು. ಮುಂದೆ 0 ಒತ್ತುವುದನ್ನೇ ಹನ್ನೊಂದನೆಯ ಅಂಕಿ ಎಂದು ತಿಳಿದುಕೊಂಡಿದ್ದರು.

ಶಿವಮೊಗ್ಗೆಯ ಮೇಷ್ಟ್ರು

ನನಗೆ ಒಂದು ಭಿನ್ನಾಭಿಪ್ರಾಯವಿದೆ. ದೇಶದಲ್ಲಿ ಸುಮಾರು 115 ಕೋಟಿ ಮೊಬೈಲ್ ಸಂಪರ್ಕಗಳಿವೆ. 6ರಿಂದ 9ರವರೆಗೆ ನಾಲ್ಕು ಅಂಕಿಗಳಿಂದ ಶುರುವಾಗುವ ಹತ್ತಂಕಿಯ ಸಂಖ್ಯೆಗಳು ಲೆಕ್ಕಕ್ಕೆ 400 ಕೋಟಿ. ಮೂರನೆಯ ಒಂದು ಭಾಗವೂ ಬಳಕೆಯಲ್ಲಿಲ್ಲದಾಗ ಇನ್ನೂ 250 ಕೋಟಿಗೆ ಬಾಗಿಲು ತೆರೆಯುವ ಬದಲು, ಎಂಜಿನಿಯರ್ ಅವರು ಹೇಳಿದಂತೆ ಕಂಪನಿಗಳ ಕೈಯಲ್ಲಿ ಮಲಗಿರುವುದನ್ನು ಮೊದಲು ವಾಪಸು ಪಡೆಯಬೇಕಲ್ಲವೇ? ನಮ್ಮಲ್ಲಿಯೂ ದೂರಸಂಪರ್ಕ ಸೇವೆಯ 22 ವಲಯಗಳಾದ ಸರ್ಕಲ್‌ಗಳಿಗೆ, ಪ್ರತಿ ಸರ್ಕಲ್ಲಿನಲ್ಲಿ ಪ್ರತಿ ಕಂಪನಿಗೆ ಪ್ರತ್ಯೇಕವಾಗಿ ನಾಲ್ಕಂಕಿಯ ಸರಣಿ, ಅಂದರೆ ಒಂದೇ ಸಲಕ್ಕೆ ಹತ್ತು ಲಕ್ಷ ಸಂಖ್ಯೆಗಳನ್ನು ಕೊಟ್ಟದ್ದು. ಮುಚ್ಚಿಹೋದ ಕಂಪನಿಗಳ ಸರಣಿಗಳೇ ಎಷ್ಟಿವೆ! 2011ರ ಜನವರಿಯಲ್ಲಿ ದೇಶಕ್ಕೆಲ್ಲ ಸಂಖ್ಯೆ ಉಳಿಸಿಕೊಂಡು ಕಂಪನಿ ಬದಲಿಸುವ ಸೌಲಭ್ಯ ಬಂದ ಮೇಲಂತೂ 9845 ಕಂಡರೆ ಏರ್‌ಟೆಲ್ ಎಂದು ಹೇಳುವಂತೆಯೇ ಇಲ್ಲ. ಗುರುತು ಅರ್ಥ ಕಳೆದುಕೊಂಡ ಮೇಲೂ ಗುರುತಿನ ಪ್ರಕಾರವೇ ಹಂಚುವುದು ಸರಿಯೇ?

ನ್ಯೂಜೆರ್ಸಿ ಎಂಜಿನಿಯರ್

ಮೇಷ್ಟ್ರ ಮಾತಿಗೆ ನನ್ನ ಪೂರ್ಣ ಸಹಮತವಿದೆ, ಒಂದು ತಿದ್ದುಪಡಿಯೊಂದಿಗೆ. ನಿಲ್ಲಿಸಿದ ಸಂಖ್ಯೆಯನ್ನು ಮರುದಿನವೇ ಇನ್ನೊಬ್ಬರಿಗೆ ಕೊಡಲಾಗುವುದಿಲ್ಲ. ಹಳೆಯ ಮಾಲೀಕರ ಬ್ಯಾಂಕಿನ ಸಂದೇಶಗಳು ಹೊಸಬರಿಗೆ ಹೋಗುತ್ತವೆ. ಹಾಗಾಗಿ ಒಂದಷ್ಟು ಸಂಖ್ಯೆಗಳು ಯಾವಾಗಲೂ ವಿಶ್ರಾಂತಿಯಲ್ಲಿರಬೇಕಾಗುತ್ತದೆ. 400 ಕೋಟಿಯನ್ನು ಪೂರ್ತಿ ತುಂಬಿಸುತ್ತೇವೆ ಎನ್ನಲಾಗದು. ಭಾರತ ಮಾಡಿದ ಒಂದು ಒಳ್ಳೆಯ ಕೆಲಸವೆಂದರೆ ವಿದ್ಯುತ್ ಮೀಟರು, ವಾಹನಗಳ ಜಾಡುಪತ್ತೆ ಉಪಕರಣ ಮುಂತಾದ ಯಂತ್ರಗಳ ಸಿಮ್‌ಗಳಿಗೆ 2018ರಿಂದ 13 ಅಂಕಿಗಳ ಬೇರೆಯೇ ಸಂಖ್ಯೆ ತಂದದ್ದು. ಮನುಷ್ಯರು ಬೆರಳಿನಿಂದ ಒತ್ತದ ಸಂಖ್ಯೆ ಎಷ್ಟು ಉದ್ದವಿದ್ದರೇನು?

ಸ್ಯಾನ್ ಹೊಸೆ ನಿವಾಸಿ

ಎಲ್ಲರಿಗೂ ಮನಸಾರೆ ಧನ್ಯವಾದಗಳು. ನಿನ್ನೆ ರಾತ್ರಿ ಯಜಮಾನರಿಗೂ ಮಗಳಿಗೂ ಇದನ್ನೆಲ್ಲ ಓದಿ ಹೇಳಿದೆ. ಹತ್ತು ವರ್ಷದ ಮಗಳು ಕೇಳಿದ ಪ್ರಶ್ನೆಯನ್ನು ಹಿರಿಯರ ಮುಂದಿಡುತ್ತೇನೆ. ಹಾಸನದ ನಮ್ಮ ಅಮ್ಮನ ಮನೆಯಲ್ಲಿ ಇನ್ನೂ 08172ರ ಲ್ಯಾಂಡ್‌ಲೈನ್ ಇದೆ. ಪಕ್ಕದ ಮನೆಗೆ ಅಮ್ಮ ಆರೇ ಅಂಕಿ ಒತ್ತುತ್ತಾರೆ. "ಅಜ್ಜಿಯೂ ನಮ್ಮ ಹಾಗೆ ಎಲ್ಲ ಅಂಕಿ ಒತ್ತಬೇಕಾಗುತ್ತದಾ?" ಎಂದು ಅವಳಿಗೆ ತಿಳಿಯಬೇಕಂತೆ.

ಹಳೆಯ ಸೆಲೆಕ್ಟರ್, ಬೆಂಗಳೂರು

ಪುಟ್ಟಿಗೆ ಹೀಗೆ ಹೇಳಿ. 2025ರ ಫೆಬ್ರವರಿಯಲ್ಲಿ ಟ್ರಾಯ್ ಸರ್ಕಾರಕ್ಕೆ ಒಂದು ಶಿಫಾರಸು ಕಳಿಸಿದೆ. ಈಗ ಲ್ಯಾಂಡ್‌ಲೈನಿನ ಸಂಖ್ಯೆಗಳನ್ನು ಹೆಚ್ಚುಕಡಿಮೆ ತಾಲ್ಲೂಕಿನಷ್ಟು ಚಿಕ್ಕ ವಲಯಗಳಲ್ಲಿ ಹಂಚಿದ್ದಾರೆ. ಅಂಥ ವಲಯಗಳು ದೇಶದಲ್ಲಿ 2,600ಕ್ಕೂ ಹೆಚ್ಚಿವೆ. ಹಾಸನದಲ್ಲಿ ಖಾಲಿ ಬಿದ್ದಿರುವ ಸಂಖ್ಯೆ ಬೆಂಗಳೂರಿಗೆ ಬರುವಂತಿಲ್ಲ. ಈ ಗಡಿಗಳನ್ನು ತೆಗೆದು ಇಡೀ ಸರ್ಕಲ್ಲಿಗೆ ಒಂದೇ ನಿಧಿ ಮಾಡಬೇಕು, ಲ್ಯಾಂಡ್‌ಲೈನಿನಿಂದ ಲ್ಯಾಂಡ್‌ಲೈನಿಗೂ 0 ಸೇರಿಸಿ ಹತ್ತು ಅಂಕಿ ಒತ್ತಬೇಕು ಎಂಬುದು ಆ ಶಿಫಾರಸು. ಅದು ಜಾರಿಗೆ ಬಂದರೆ ಅಜ್ಜಿ ಪಕ್ಕದ ಮನೆಗೆ ಸೊನ್ನೆ, ನಾಲ್ಕಂಕಿಯ ಕೋಡು, ಆರಂಕಿಯ ಸಂಖ್ಯೆ, ಒಟ್ಟು ಹನ್ನೊಂದು ಸಲ ಒತ್ತಬೇಕಾಗುತ್ತದೆ. ಅಜ್ಜಿಯ ಸಂಖ್ಯೆ ಮಾತ್ರ ಬದಲಾಗುವುದಿಲ್ಲ.

ನನ್ನ ಮಟ್ಟಿಗೆ ಇದು ಆಗಬೇಕಾದದ್ದೇ. ನಮ್ಮ ಕಿತ್ತೂರಿನಲ್ಲಿ 1986ರಲ್ಲಿ ಸರ್ಕಾರಿ ದೂರಸಂಪರ್ಕ ಸಂಶೋಧನಾ ಸಂಸ್ಥೆಯಾದ ಸಿ-ಡಾಟ್‌ನವರ 128 ಲೈನುಗಳ ಮೊದಲ ಗ್ರಾಮೀಣ ಎಕ್ಸ್‌ಚೇಂಜ್ ಬಂದಾಗಲೇ ಸೆಲೆಕ್ಟರುಗಳ ಕಾಲ ಮುಗಿಯುತ್ತ ಬಂದಿತ್ತು. ಆ ಪುಟ್ಟ ಪೆಟ್ಟಿಗೆಯಲ್ಲಿ ಏರುವ ದಂಡವೂ ಇರಲಿಲ್ಲ, ತಿರುಗುವ ತೋಳೂ ಇರಲಿಲ್ಲ. ಲೆವೆಲ್ಲಿನ ಗಡಿಗಳನ್ನು ಮಾತ್ರ ನಾವು ಇನ್ನೂ ಉಳಿಸಿಕೊಂಡು ಬಂದಿದ್ದೇವೆ. ಪುಟ್ಟಿ ಊರಿಗೆ ಬಂದಾಗ ಬೆಂಗಳೂರಿಗೂ ಕರೆದುಕೊಂಡು ಬನ್ನಿ. ಸೇವೆಯಿಂದ ತೆಗೆದು ಗುಜರಿಗೆ ಹಾಕುವಾಗ ಹಣ ಕಟ್ಟಿ ಕೊಂಡ ಒಂದು ಫೈನಲ್ ಸೆಲೆಕ್ಟರ್ ನಮ್ಮ ಮನೆಯ ಅಟ್ಟದಲ್ಲಿದೆ. ಬ್ಯಾಟರಿ ಜೋಡಿಸಿ, ಹಳೆಯ ಡಯಲ್ಲಿನಲ್ಲಿ ಅವಳ ಅಜ್ಜಿಯ ಸಂಖ್ಯೆಯ ಕೊನೆಯ ಎರಡು ಅಂಕಿಗಳನ್ನು ಅವಳ ಕೈಯಿಂದಲೇ ತಿರುಗಿಸಿಸಿ, ಅದು ಎಲ್ಲಿಗೆ ಏರಿ ಎಲ್ಲಿ ನಿಲ್ಲುತ್ತದೆ ಎಂದು ತೋರಿಸುತ್ತೇನೆ.